ಎಂಟು ಸೆಕೆಂಡಿನ ಬೀಗ

"ಮೂರನೇ ಸಲವೂ ಪಾಸು," ಎಂದು ಸೈನ್ಯದ ಯಂತ್ರಗಳ ಪರೀಕ್ಷಾ ಹಾಲಿನ ಮೇಲ್ವಿಚಾರಕ ಪೆನ್ನಿಗೆ ಮುಚ್ಚಳ ಹಾಕಿದ. "ಇನ್ನೆಷ್ಟು ಸಲ ಮಾಡಿಸ್ತೀರಿ ಸಾರ್? ಕಾಯಿಸಿದ ಹಾಲನ್ನೇ ಮತ್ತೆ ಮತ್ತೆ ಕಾಯಿಸಿದ್ರೆ ತಳ ಹಿಡಿಯುತ್ತೆ, ಅಷ್ಟೇ."

ತನಿಖೆಗೆ ಬಂದವನು ಟೀವಿ ಪರದೆಯ ಮುಂದೆ ಒಂದೇ ಕಾಲಿನ ಮೇಲೆ ಭಾರ ಬಿಟ್ಟು, ಕುತ್ತಿಗೆ ಚಾಚಿ ನಿಂತಿದ್ದ. ಇಲಾಖೆಯಲ್ಲಿ ಅವನಿಗೆ ಕೊಕ್ಕರೆ ಎಂದು ಹೆಸರು ಬಿದ್ದು ಇಪ್ಪತ್ತು ವರ್ಷವಾಗಿತ್ತು. ಉದ್ದ ಕಾಲಿಗಾಗಿ ಬಂದ ಹೆಸರೆಂದು ಹೊಸಬರು ತಿಳಿಯುತ್ತಿದ್ದರು. ಜೊತೆಯಲ್ಲಿ ಒಮ್ಮೆ ಕೆಲಸ ಮಾಡಿದವರಿಗೆ ಗೊತ್ತು, ಹೆಸರು ಬಂದದ್ದು ಕಾಲಿಗಲ್ಲ, ನಿಲ್ಲುವ ರೀತಿಗೆ.

ಪರದೆಯಲ್ಲಿ ಕಾಣುತ್ತಿದ್ದುದು ಪಕ್ಕದ ಕೋಣೆ. ಗೋಡೆ, ಸೂರು ಎಲ್ಲ ತಗಡು. ತಗಡಿನ ತುಂಬ ಕಪ್ಪು ಸ್ಪಂಜಿನ ಮೊನೆಗಳು. ನಡುವೆ ತಾಮ್ರದ ಹಾಳೆ ಹೊದಿಸಿದ ಮೇಜು, ಅದರ ಮೇಲೆ ಹಸಿರು ಬಣ್ಣದ ಪೆಟ್ಟಿಗೆ. ಪೆಟ್ಟಿಗೆಯಿಂದ ಹೊರಟ ತಂತಿ ಮರದ ಪುಟ್ಟ ತುಂಡುಗಳ ಮೇಲೆ ನೆಟ್ಟಗೆ ಮಲಗಿ ಒಂದು ಉಕ್ಕಿನ ಪಿನ್ನಿಗೆ ಸೇರಿತ್ತು. ಎದುರಿಗೆ ಅದರ ಮೇಲೆ ರೇಡಿಯೋ ಅಲೆ ಹಾಯಿಸುವ ಆಂಟೆನಾ. ಅಲೆ ತಗುಲಿ ಪಿನ್ನು ಸರಿದರೆ ಫೇಲು, ಸರಿಯದಿದ್ದರೆ ಪಾಸು.

ಅದು ಸೈನ್ಯದ ಮಡಚುವ ಸೇತುವೆಯ ಬೀಗ. ನಾಲ್ಕು ವಾರದ ಹಿಂದೆ ಹೊಳೆಯ ದಡದಲ್ಲಿ ಆ ಪಿನ್ನು ಹೊತ್ತಿಗೆ ಮುಂಚೆ ಹಿಂದೆ ಸರಿದು, ಸೇತುವೆ ಜಾರಿ, ಕೆಳಗಿದ್ದ ಕೆಲಸಗಾರನ ಕಾಲು ಜಜ್ಜಿಹೋಗಿತ್ತು. ಸೇತುವೆ ಗಾಡಿಯ ಚಾಲಕನೇ ಗುಂಡಿ ಒತ್ತಿದ ಎಂದು ವರದಿ. ನಾಳೆ ಬೆಳಿಗ್ಗೆ ಹತ್ತಕ್ಕೆ ವಿಚಾರಣಾ ಮಂಡಳಿ ಕೂರುತ್ತದೆ. ಅಷ್ಟರೊಳಗೆ ಬೇರೆ ಸಾಕ್ಷಿ ಸಿಗದಿದ್ದರೆ ಚಾಲಕನ ಕೆಲಸ ಹೋಗುತ್ತದೆ, ಜೈಲೂ ಆಗಬಹುದು.

ಕೊಕ್ಕರೆ ಎರಡು ಲೋಟ ಚಹಾ ಹಿಡಿದು ಮೊಗಸಾಲೆಗೆ ಬಂದ. ಕಿಟಕಿಯ ಕೆಳಗಿನ ಬೆಂಚಿನಲ್ಲಿ ಚಾಲಕ ಮೊಣಕಾಲಿನ ಮೇಲೆ ಟೋಪಿ ಇಟ್ಟುಕೊಂಡು ಕೂತಿದ್ದ.

"ಏನಾಯ್ತು ಸಾರ್?"

"ಪಾಸಾಯ್ತು."

"ಅದು ಪಾಸಾದ್ರೆ ನಾನು ಫೇಲು." ಚಾಲಕ ಲೋಟ ತೆಗೆದುಕೊಂಡು ಕುಡಿಯದೆ ಹಿಡಿದುಕೊಂಡ. "ಕಾಲು ಮುರ್ಕೊಂಡೋನು ಬೇರೆ ಯಾರೋ ಆಗಿದ್ರೆ ಒಂದು ಮಾತು. ನನ್ನ ಹೆಂಡತಿ ತಮ್ಮ ಅವನು. ನಾನೇ ಕರ್ಕೊಂಡು ಬಂದು ಸೇರಿಸಿದ್ದು."

"ಮನೆಯಲ್ಲಿ ಏನಂತಾರೆ?"

"ಏನೂ ಅನ್ನಲ್ಲ. ಅದೇ ಕಷ್ಟ. 'ನಿಜ ಹೇಳಿ' ಅಂತ ಒಂದೇ ಸಲ ಕೇಳಿದ್ಲು. ಹೇಳಿದೆ. ಆವತ್ತಿಂದ ತಟ್ಟೆ ಮುಂದೆ ಇಟ್ಟು ಒಳಗೆ ಹೋಗ್ತಾಳೆ." ಚಾಲಕ ಟೋಪಿಯ ಅಂಚು ಸವರಿದ. "ಕೆಲಸ ಹೋದ್ರೆ ಇನ್ನೊಂದು ಹುಡುಕ್ಕೋಬಹುದು ಸಾರ್. ಆ ತಟ್ಟೆ ಇಡೋ ಸದ್ದನ್ನ ಬದುಕಿರೋವರೆಗೂ ಕೇಳೋಕಾಗಲ್ಲ."

"ಆವತ್ತಿನದು ಇನ್ನೊಂದು ಸಲ ಹೇಳಿ. ಹೇಳಿದ್ದನ್ನೇ ಹೇಳಿ."

"ನನ್ನ ಕೈ ಗುಂಡಿ ಹತ್ರ ಇರ್ಲಿಲ್ಲ. ಹಸಿರು ದೀಪ ಉರೀತಿತ್ತು. ಪಕ್ಕದ ಗಾಡೀಲಿ ನಮ್ಮ ಸಾಹೇಬ್ರು ರೇಡಿಯೋ ಹಿಡ್ಕೊಂಡು ಯಾರಿಗೋ ಬೈತಿದ್ರು. ಟಕ್ ಅಂತು. ಅಷ್ಟೇ."

"ಎಷ್ಟು ಹೊತ್ತು ಬೈದ್ರು?"

"ಉಸಿರು ಬಿಡದ ಹಾಗೆ. ಅವರ ಬೈಗುಳದಲ್ಲಿ ಚಿಕ್ಕದು ಅನ್ನೋದೇ ಇಲ್ಲ ಸಾರ್. ಒಂದು ಶುರು ಆದ್ರೆ ಎಮ್ಮೆ ಬಾಲ ಹಿಡ್ಕೊಂಡು ಕೆರೆ ಸುತ್ತಿಸಿದ ಹಾಗೆ."

ಕೊಕ್ಕರೆ ನಕ್ಕ. ಜೇಬಿನಲ್ಲಿದ್ದ ರೇಡಿಯೋ ದಾಖಲೆಯ ಚೀಟಿ ತೆಗೆದು ನೋಡಿದ. ಆ ಬೈಗುಳಕ್ಕೆ ಹಿಡಿದ ಹೊತ್ತು ಹನ್ನೆರಡು ಸೆಕೆಂಡು. ಇದನ್ನು ಅವನು ಹತ್ತು ಸಲ ಓದಿದ್ದ. ಬಾಗಿಲು ಎದುರಿಗಿದ್ದರೂ ಕೀಲಿಕೈ ಯಾವ ಕಡೆ ತಿರುಗುತ್ತದೆಂದು ತಿಳಿದಿರಲಿಲ್ಲ.

ಒಳಗೆ ಬಂದಾಗ ಮೇಲ್ವಿಚಾರಕ ಊಟಕ್ಕೆ ಹೋಗಿದ್ದ. ಯಂತ್ರದ ಮುಂದೆ ದೊಡ್ಡಮ್ಮ ಒಬ್ಬಳೇ ಇದ್ದಳು. ಮೂವತ್ತು ವರ್ಷದಿಂದ ಆ ಹಾಲಿನಲ್ಲಿ ಅಲೆ ಹಾಯಿಸುವ ಕೆಲಸ ಅವಳದು. ಮುಂದಿನ ವರ್ಷ ನಿವೃತ್ತಿ. ಯಾರ ದೊಡ್ಡಮ್ಮ ಎಂದು ಯಾರೂ ಕೇಳುತ್ತಿರಲಿಲ್ಲ, ಎಲ್ಲರಿಗೂ ದೊಡ್ಡಮ್ಮನೇ.

"ಬಂದ್ರಾ ಕೊಕ್ಕರೆಯವ್ರೇ? ಮೀನಿಲ್ಲದ ಕೆರೆ ಇದು. ಕಾಲು ನೋಯಿಸ್ಕೋಬೇಡಿ, ಕೂತ್ಕೊಳ್ಳಿ."

ಅವನು ಕೂರಲಿಲ್ಲ. ಪರದೆಯಲ್ಲಿ ಪೆಟ್ಟಿಗೆಯ ಹಸಿರು ದೀಪವನ್ನು ನೋಡುತ್ತ ನಿಂತ. ಚಿಕ್ಕಂದಿನಲ್ಲಿ ಅಪ್ಪ ಅವನನ್ನು ಕಾಲುವೆಯ ತೂಬಿನ ಹತ್ತಿರ ಕೂರಿಸಿ, ನೀರು ಗದ್ದೆಯ ಕೊನೆ ಮುಟ್ಟಿದಾಗ ಹೇಳು ಎಂದು ಹೋಗುತ್ತಿದ್ದ. ನೀರನ್ನು ಅದು ಹರಿಯುವುದಕ್ಕಿಂತ ಬೇಗ ಯಾರಿಂದಲೂ ಓಡಿಸಲಾಗದು ಎಂಬುದನ್ನು ಕೊಕ್ಕರೆ ಕಲಿತದ್ದು ಅಲ್ಲಿ.

ದೀಪ ಒಂದು ಕ್ಷಣ ಮಂಕಾಯಿತು, ರೆಪ್ಪೆ ಬಡಿದಂತೆ. ಮತ್ತೆ ಉರಿಯಿತು. ಅವನು ಮನಸ್ಸಿನಲ್ಲೇ ಎಣಿಸಿದ. ಮತ್ತೆ ಮಂಕಾಯಿತು. ಒಂಬತ್ತು ಸಲ ಎಣಿಸಿದ ಮೇಲೆ ಬಾಯಿ ತೆರೆದ.

"ದೊಡ್ಡಮ್ಮ, ಈ ದೀಪ ಆಗಾಗ ಕಣ್ಣು ಹೊಡೀತದಲ್ಲ, ಯಾಕೆ?"

"ಸೇತುವೆ ಆಚೆ ದಡ ಮುಟ್ತಾ ಅಂತ ಪೆಟ್ಟಿಗೆ ತಂತಿ ಮೂಲಕ ಕೇಳುತ್ತೆ. ಕೇಳಿದಾಗೊಂದು ಮಿಣುಕು. ಮುಟ್ತು ಅಂತ ಉತ್ತರ ಬಂದ್ರೆ ಪಿನ್ನು ಬಿಡುತ್ತೆ."

"ಎಷ್ಟು ಹೊತ್ತಿಗೊಂದು ಸಲ ಕೇಳುತ್ತೆ?"

"ಸೆಕೆಂಡಿಗೊಂದು ಸಲ," ಎಂದಳು, ತಲೆಯೆತ್ತದೆ, ಮರದ ತುಂಡೊಂದನ್ನು ಬಟ್ಟೆಯಿಂದ ಒರೆಸುತ್ತ.

"ಎಂಟು ಸೆಕೆಂಡಿಗೊಂದು ಸಲ."

ಬಟ್ಟೆ ಹಿಡಿದ ಕೈ ನಿಂತಿತು. ದೊಡ್ಡಮ್ಮ ಕನ್ನಡಕ ಏರಿಸಿ ಪರದೆಗೆ ಮುಖ ಹತ್ತಿರ ತಂದಳು. ಅವಳ ತುಟಿ ಎಣಿಸುತ್ತಿತ್ತು. ಎಂಟಕ್ಕೆ ತುಟಿ ಬಿಗಿಯಿತು. ಕೊಕ್ಕರೆ ಅದನ್ನು ಕಂಡ. ಕೇಳಲಿಲ್ಲ, ನೆನಪಿನಲ್ಲಿ ಕಟ್ಟಿಟ್ಟುಕೊಂಡ.

"ನಿಮ್ಮ ಅಲೆ ಒಂದೊಂದು ಫ್ರೀಕ್ವೆನ್ಸಿ ಮೇಲೆ ಎಷ್ಟು ಹೊತ್ತು ನಿಲ್ಲುತ್ತೆ?"

"ಮೂರು ಸೆಕೆಂಡು. ಆಮೇಲೆ ಮುಂದಿನ ಮೆಟ್ಟಿಲು. ಒಟ್ಟು ಆರು ಸಾವಿರ ಮೆಟ್ಟಿಲು, ಐದು ಗಂಟೆ ಹೊತ್ತಿನ ಕೆಲಸ."

"ಹಾಗಾದ್ರೆ ಪೆಟ್ಟಿಗೆ ಒಂದು ಸಲ ಕೇಳಿ ಮತ್ತೆ ಕೇಳೋದ್ರೊಳಗೆ ಎರಡು ಮೆಟ್ಟಿಲು ದಾಟಿ ಹೋಗಿರುತ್ತೆ. ಕೇಳೋ ಕ್ಷಣದಲ್ಲಿ ತಂತಿಯಲ್ಲಿ ಅಲೆ ಇದ್ರೆ ತಾನೇ ಅದನ್ನೇ ಉತ್ತರ ಅಂತ ತಪ್ಪು ತಿಳಿಯೋದು?"

"ನಿಜ. ಆದ್ರೆ ಮೂರು ಸಲ ಮಾಡಿದ್ದೀವಲ್ಲ. ಒಂದು ಸಲ ತಪ್ಪಿದ್ರೆ ಇನ್ನೊಂದು ಸಲ ಎದುರಾಗಬೇಕಿತ್ತು."

"ಪರೀಕ್ಷೆ ಶುರು ಮಾಡೋದು ಹೇಗೆ? ಮಾಡಿ ತೋರಿಸಿ, ಸುಮ್ಮನೆ."

ದೊಡ್ಡಮ್ಮ ಎರಡೂ ಕೈ ಚಾಚಿದಳು. ಎಡಗೈ ಪೆಟ್ಟಿಗೆಯ ಸ್ವಿಚ್ಚಿನ ಮೇಲೆ, ಬಲಗೈ ಅಲೆಯ ಸ್ವಿಚ್ಚಿನ ಮೇಲೆ. "ಎರಡೂ ಒಟ್ಟಿಗೆ. ಈ ಹಾಲಿನಲ್ಲಿ ಮೊದಲಿಂದಲೂ ಹೀಗೇ. ಆಗ ದಾಖಲೆ ಕಾಗದದಲ್ಲಿ ಇವತ್ತಿನ ಗೆರೆ ನಿನ್ನೆಯ ಗೆರೆ ಮೇಲೆ ಅಚ್ಚುಕಟ್ಟಾಗಿ ಕೂರುತ್ತೆ." ಹೇಳುತ್ತಲೇ ಅವಳ ದನಿ ಇಳಿಯಿತು. ತನ್ನ ಕೈಗಳನ್ನು ತಾನೇ ನೋಡಿದಳು. "ಅಯ್ಯೋ."

"ನಮ್ಮ ಮನೇಲೊಂದು ಹಸು ಇತ್ತು ದೊಡ್ಡಮ್ಮ. ಕಾವಲಿನವನು ಹೊಲ ಸುತ್ತಿ ಈ ಬದಿಗೆ ಬರೋ ಹೊತ್ತು ಅದಕ್ಕೆ ಗೊತ್ತು. ಅವನು ಆ ಬದಿಗೆ ಹೋದಾಗ ಮೇಯ್ತಿತ್ತು. ದಿನಾ ಅದೇ ಹೊತ್ತು, ಅದೇ ಸುತ್ತು. ಕಾವಲಿನವನು ದೇವರಾಣೆ ಹಾಕಿ ಹೇಳ್ತಿದ್ದ, ಹಸು ಹೊಲಕ್ಕೆ ಬಂದೇ ಇಲ್ಲ ಅಂತ. ಅವನದೇನೂ ಸುಳ್ಳಲ್ಲ."

ದೊಡ್ಡಮ್ಮ ಕೈ ಹಿಂತೆಗೆದು ಮಡಿಲಲ್ಲಿ ಇಟ್ಟುಕೊಂಡಳು. "ಪ್ರತಿ ಸಲವೂ ಅದು ಕೇಳೋದು ಅದೇ ಮೆಟ್ಟಿಲುಗಳ ಮೇಲೆ. ಮೂರು ಸಲ ಅಲ್ಲ, ಮೂವತ್ತು ಸಲ ಮಾಡಿದ್ರೂ ಪಾಸಾಗ್ತಿತ್ತು," ಎಂದಳು.

"ಇದಕ್ಕೆ ಪರೀಕ್ಷೆಯ ನಿಯಮದ ಪುಸ್ತಕ ಏನನ್ನುತ್ತೆ?"

"ಯಾವ ಪುಸ್ತಕ?" ಅವಳು ಎದ್ದು ಕಪಾಟಿನಿಂದ ನಾಲ್ಕು ಪುಸ್ತಕ ತಂದು ಮೇಜಿನ ಮೇಲೆ ಸಾಲಾಗಿ ಇಟ್ಟಳು. ಮೊದಲನೆಯದು ಪಂಚಾಂಗದಷ್ಟು ತೆಳು, ನಾಲ್ಕನೆಯದು ದಿಂಬಿನಷ್ಟು ದಪ್ಪ. "ಇದು ಮೊದಲನೆಯದು. ಆಗ ಈ ಕೋಣೆ ಬರೀ ತಗಡಿನ ಡಬ್ಬ. ಅಲೆ ಗೋಡೆಗೆ ಬಡಿದು ವಾಪಸ್ ಬರ್ತಿತ್ತು. ಒಂದು ಯಂತ್ರ ಮೇಜಿನ ಎಡಕ್ಕಿಟ್ರೆ ಪಾಸು, ಒಂದು ಮೊಳ ಬಲಕ್ಕೆ ಸರಿಸಿದ್ರೆ ಫೇಲು. ಯಾರೋ ಒಬ್ಬರು ಯಾಕೆ ಹೀಗೆ ಅಂತ ಕೇಳಿದ್ರು. ಎರಡನೇ ಪುಸ್ತಕಕ್ಕೆ ಈ ಕಪ್ಪು ಮೊನೆಗಳು ಬಂದ್ವು, ಅಲೆ ಹೀರೋದಕ್ಕೆ."

"ಮೂರನೆಯದು?"

"ತಂತಿ. ಪೆಟ್ಟಿಗೆ ಎಷ್ಟೇ ಗಟ್ಟಿ ಇರಲಿ, ಅಲೆ ತಂತಿ ಹಿಡ್ಕೊಂಡು ಒಳಗೆ ಬರುತ್ತೆ, ಬೇಲಿ ಭದ್ರ ಮಾಡಿ ತೂಬು ತೆರೆದಿಟ್ಟ ಹಾಗೆ. ಅದಕ್ಕೇ ತಂತಿಗೆ ಬೇರೆ ಪರೀಕ್ಷೆ, ಅದರ ಕೆಳಗೆ ಈ ಮರದ ತುಂಡು." ಅವಳು ದಪ್ಪ ಪುಸ್ತಕದ ಮೇಲೆ ಅಂಗೈ ಇಟ್ಟಳು. "ಈ ಪುಸ್ತಕದಲ್ಲಿ ಸುಮ್ನೆ ಹುಟ್ಟಿದ ಸಾಲು ಒಂದೂ ಇಲ್ಲ ಕೊಕ್ಕರೆಯವ್ರೇ. ಪ್ರತಿ ಸಾಲಿಗೂ ಎಲ್ಲೋ ಒಬ್ಬರು ಪೆಟ್ಟು ತಿಂದಿದ್ದಾರೆ."

ಅವಳು ಪುಟ ತಿರುವಿ ಬೆರಳಿಟ್ಟು ತೋರಿಸಿದಳು. ಮೂರನೇ ಪುಸ್ತಕದಲ್ಲಿ ಒಂದೇ ಮಾತು: ಪ್ರತಿ ಮೆಟ್ಟಿಲಿನಲ್ಲಿ ಮೂರು ಸೆಕೆಂಡು ನಿಲ್ಲತಕ್ಕದ್ದು. ನಾಲ್ಕನೆಯದರಲ್ಲಿ ಅದಕ್ಕೊಂದು ಬಾಲ ಹುಟ್ಟಿತ್ತು: ಅಥವಾ ಸಾಧನವು ಉತ್ತರಿಸಲು ಬೇಕಾದಷ್ಟು ಹೊತ್ತು, ಎರಡರಲ್ಲಿ ಯಾವುದು ಹೆಚ್ಚೋ ಅದು.

"ಮತ್ತೆ ನಾವು ಮೂರರಲ್ಲೇ ಯಾಕಿದ್ದೀವಿ?"

"ಯಾಕಂದ್ರೆ ಕಾನೂನು ಅದು," ಎಂಬ ಮಾತು ಬಾಗಿಲಿನಿಂದ ಬಂತು. ಮೇಲ್ವಿಚಾರಕ ಊಟ ಮುಗಿಸಿ ಕೈ ಒರೆಸಿಕೊಳ್ಳುತ್ತ ನಿಂತಿದ್ದ. "ಒಪ್ಪಂದದ ದಿನ ಯಾವ ಪುಸ್ತಕ ಚಾಲ್ತಿಯಲ್ಲಿತ್ತೋ, ಆ ಪೆಟ್ಟಿಗೆಗೆ ಸಾಯೋವರೆಗೂ ಅದೇ ಪುಸ್ತಕ. ಇದು ಮೂರನೇ ಪುಸ್ತಕದ ಕೂಸು."

"ಹೊಳೆಗೆ ಯಾವ ಪುಸ್ತಕ ಸಾರ್?" ಎಂದ ಕೊಕ್ಕರೆ.

"ಮಾತಿಗೆ ಮಾತು ಬೇಡ. ನಾಳೆ ಮಂಡಳಿ ಮುಂದೆ ಮೊದಲು ಕೇಳೋ ಪ್ರಶ್ನೆ, ಯಾವ ನಿಯಮದ ಪ್ರಕಾರ ಮಾಡಿದ್ರಿ ಅಂತ. ನನ್ನಿಷ್ಟದ ಪ್ರಕಾರ ಅನ್ನಲಾ?" ಮೇಲ್ವಿಚಾರಕ ಕುರ್ಚಿಯ ಬೆನ್ನು ಹಿಡಿದ. "ಒಂಬತ್ತು ವರ್ಷದ ಹಿಂದಿನ ಪ್ರಮಾಣಪತ್ರದ ಮೇಲೆ ನನ್ನ ಸಹಿ ಇದೆ. ನೀವು ಬಂದ ದಿನದಿಂದ ನನ್ನನ್ನೇ ನೋಡ್ತಿದ್ದೀರಿ. ಅನುಮಾನ ಇದ್ರೆ ಹೇಳಿಬಿಡಿ."

"ನಿನ್ನೆವರೆಗೂ ಇತ್ತು."

"ಇವತ್ತು?"

"ಮುಚ್ಚಿಡೋಕೆ ಏನಾದ್ರೂ ಇರೋನು ಮೂರು ಸಲ ಪರೀಕ್ಷೆಗೆ ಬಿಡಲ್ಲ. ಎರಡನೇ ಸಲಕ್ಕೇ ಯಂತ್ರ ಕೆಡಿಸಿರ್ತಿದ್ದ. ನೀವು ಗೊಣಗಿದ್ರಿ, ಆದ್ರೆ ಬಿಟ್ರಿ." ಕೊಕ್ಕರೆ ನಾಲ್ಕನೇ ಪುಸ್ತಕವನ್ನು ಅವನ ಕಡೆ ಸರಿಸಿದ. "ನೀವು ಪುಸ್ತಕ ಮೀರಿಲ್ಲ. ಆವತ್ತು ಪುಸ್ತಕಕ್ಕೇ ಗೊತ್ತಿಲ್ಲದ್ದನ್ನ ನೀವು ಹೇಗೆ ನೋಡ್ತೀರಿ? ಆದ್ರೆ ಇವತ್ತು ಪುಸ್ತಕಕ್ಕೆ ಗೊತ್ತು. ಹೊರಗೆ ಬೆಂಚಿನ ಮೇಲೆ ಕೂತಿರೋನಿಗೆ ಮಾತ್ರ ಹಳೇ ಪುಸ್ತಕ ಅಂದ್ರೆ ಹೇಗೆ?"

ಮೇಲ್ವಿಚಾರಕ ಕಿಟಕಿಯ ಗಾಜಿನಾಚೆ ನೋಡಿದ. ಚಾಲಕ ಖಾಲಿ ಲೋಟದ ತಳ ನೋಡುತ್ತಿದ್ದ.

"ಪೂರ್ತಿ ಪರೀಕ್ಷೆ ಕೇಳಲ್ಲ," ಎಂದ ಕೊಕ್ಕರೆ. "ಒಂದೇ ಮೆಟ್ಟಿಲು. ಆವತ್ತು ರೇಡಿಯೋ ಮಾತಾಡಿದ ಫ್ರೀಕ್ವೆನ್ಸಿ. ಹನ್ನೆರಡು ಸೆಕೆಂಡು. ಒಬ್ಬ ಮನುಷ್ಯ ಬೈಯೋಷ್ಟು ಹೊತ್ತು."

ಮೇಲ್ವಿಚಾರಕ ಉಸಿರು ಬಿಟ್ಟ. "ದೊಡ್ಡಮ್ಮ, ಕೆಂಪು ದೀಪ ಹಾಕಿ."

ತಗಡಿನ ಕೋಣೆಯ ಬಾಗಿಲ ಮೇಲೆ ಕೆಂಪು ದೀಪ ಹತ್ತಿತು. ಆ ಹಾಲಿನಲ್ಲಿ ಅದೊಂದು ಮಾತ್ರ ಯಾರೂ ಮುರಿಯದ ಕಟ್ಟಳೆ. ಒಳಗೆ ಅಲೆ ಹಾಯುವಾಗ ಬಾಗಿಲು ತೆರೆದರೆ ಮನುಷ್ಯನಿಗೂ ಕೆಡುಕು, ಪರೀಕ್ಷೆಗೂ ಕೆಡುಕು. ಕೆಂಪು ದೀಪವಿದ್ದಾಗ ರಾಜ ಬಂದರೂ ಹೊಸ್ತಿಲಾಚೆ ನಿಲ್ಲಬೇಕು.

ದೊಡ್ಡಮ್ಮ ಈ ಸಲ ಬಲಗೈ ಒಂದನ್ನೇ ಚಾಚಿದಳು. ಮೂರು ಸೆಕೆಂಡು ಕಳೆಯಿತು. ಐದು. ಮೇಲ್ವಿಚಾರಕನ ಕಣ್ಣು ಗಡಿಯಾರದ ಮೇಲೆ, ಕೊಕ್ಕರೆಯ ಕಣ್ಣು ದೀಪದ ಮೇಲೆ. ಆರು. ದೀಪ ರೆಪ್ಪೆ ಬಡಿಯಿತು.

ಟಕ್.

ಪಿನ್ನು ಬೆರಳುದ್ದ ಹಿಂದೆ ಸರಿದಿತ್ತು.

ಮೇಲ್ವಿಚಾರಕನೇ ಮೊದಲು ಹೋಗಿ ಮೊಗಸಾಲೆಯ ಬಾಗಿಲು ತೆರೆದು ಚಾಲಕನನ್ನು ಕರೆದ. "ಬಾರಪ್ಪ ಒಳಗೆ. ಇದನ್ನ ನೀನು ನೋಡಬೇಕು."

ಎರಡನೇ ಸಲ ಮಾಡಿದರು. ಟಕ್. ಚಾಲಕ ಅಳಲಿಲ್ಲ, ನಗಲೂ ಇಲ್ಲ. "ಇನ್ನೊಂದು ಸಲ ತೋರಿಸಿ ಸಾರ್," ಎಂದ. ಮೂರನೇ ಸಲವೂ ಟಕ್. ಅವನು ಟೋಪಿಯನ್ನು ಎದೆಗೆ ಒತ್ತಿಕೊಂಡು, ಮೂಲೆಗೆ ಹೋಗಿ ಮನೆಗೆ ಫೋನ್ ಹಚ್ಚಿದ.

"ನಾನು," ಎಂದ. "ಪಿನ್ನು ತಾನಾಗೇ ಬಂತು ಕಣೆ. ಯಾರೂ ಮುಟ್ಟಲಿಲ್ಲ. ಇಲ್ಲಿ ನಾಲ್ಕು ಜನ ನೋಡಿದ್ವಿ."

ಕೋಣೆ ಚಿಕ್ಕದು, ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ಆ ಕಡೆಯಿಂದ ಹೆಣ್ಣುದನಿ ಕೇಳಿತು: "ಊಟ ಮಾಡಿದ್ರಾ?"

"ಇಲ್ಲ."

"ಬನ್ನಿ. ಕಾಯ್ತಿರ್ತೀನಿ. ತಮ್ಮನಿಗೂ ಹೇಳ್ತೀನಿ."

ಚಾಲಕ ಫೋನ್ ಕೆಳಗಿಟ್ಟು, ಗೋಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತ. ಆಮೇಲೆ ಸಾಕ್ಷಿಯ ಕಾಗದಕ್ಕೆ ಸಹಿ ಬೇಕಾಗುತ್ತದೆಂದು ತಾನೇ ಹೇಳಿ, ಹೊರಗಿನ ಬೆಂಚಿಗೆ ಹೋಗಿ ಕೂತ. ಈ ಸಲ ಟೋಪಿ ತಲೆಯ ಮೇಲಿತ್ತು.

ಬಾಗಿಲು ಮುಚ್ಚಿದ ಮೇಲೆ ಕೊಕ್ಕರೆ ಕುರ್ಚಿ ಎಳೆದುಕೊಂಡು ದೊಡ್ಡಮ್ಮನ ಎದುರಿಗೆ ಕೂತ. ಆ ದಿನ ಅವನು ಕೂತದ್ದು ಅದೇ ಮೊದಲು.

"ಎಂಟು ಅಂದಾಗ ನಿಮ್ಮ ಕೈ ಯಾಕೆ ನಿಂತಿತು ದೊಡ್ಡಮ್ಮ?"

ಅವಳು ನಾಲ್ಕನೇ ಪುಸ್ತಕದ ಹಿಂಭಾಗ ತೆರೆದಳು. ಪ್ರತಿ ನಿಯಮ ಯಾಕೆ ಬಂತೆಂಬ ವಿವರಣೆ ಅಲ್ಲಿತ್ತು. ಆ ಬಾಲದ ಸಾಲಿಗೆ ಎರಡೇ ಮಾತು: ಎಂಟು ಸೆಕೆಂಡಿಗೊಮ್ಮೆ ಸಂಕೇತ ಕೇಳುವ ಒಂದು ಬೀಗವು ಮೂರು ಸೆಕೆಂಡಿನ ಪರೀಕ್ಷೆಯಲ್ಲಿ ದೋಷ ತೋರಿಸಲಿಲ್ಲ. ಕೆಳಗೆ, ಈ ದೋಷವನ್ನು ತಿಳಿಸಿದ ಹಾಲಿನ ಸಂಖ್ಯೆ: ಹದಿನೇಳು. ಎದುರಿನ ಗೋಡೆಯ ಫಲಕದ ಮೇಲೂ ಹದಿನೇಳು ಎಂದೇ ಇತ್ತು.

"ಬರೆದೋಳು ನಾನೇ," ಎಂದಳು. "ಒಂಬತ್ತು ವರ್ಷದ ಹಿಂದೆ, ಈ ಪೆಟ್ಟಿಗೆಯ ಮಾದರಿ ಬಂದಿತ್ತು. ನಾನು ಅಲೆ ಹಿಡಿದಿಟ್ಟು ಕನ್ನಡಕ ಒರೆಸ್ತಾ ಕೂತೆ, ಮುಂದಿನ ಮೆಟ್ಟಿಲಿಗೆ ಹೋಗೋದು ಮರೆತೆ. ಪಿನ್ನು ಬಂತು. ಪುಸ್ತಕದ ಸಮಿತಿಗೆ ಒಂದು ಕಾಗದ ಬರೆದೆ, ಸೈನ್ಯದ ಸೇತುವೆ ವಿಭಾಗಕ್ಕೆ ಒಂದು. ಸಮಿತಿಯವರು ಪುಸ್ತಕ ತಿದ್ದಿದ್ರು. ವಿಭಾಗದವರು ಇದನ್ನ ಕಳಿಸಿದ್ರು."

ಮೇಜಿನ ಕೆಳಖಾನೆಯಿಂದ, ಮರದ ತುಂಡುಗಳ ಅಡಿಯಿಂದ, ಒಂದು ಹಳದಿಗಟ್ಟಿದ ಕಾಗದ ಬಂತು. *ಬೀಗವನ್ನು ಬದಲಾಯಿಸಲಾಗಿದೆ. ಇನ್ನು ಮುಂದೆ ಸೆಕೆಂಡಿಗೊಮ್ಮೆ ಸಂಕೇತ ಕೇಳುತ್ತದೆ.* ಕೆಳಗೆ ಹೆಸರಿಲ್ಲ, ಹುದ್ದೆಯಿಲ್ಲ, ಹಸಿರು ಶಾಯಿಯ ಒಂದು ಸುತ್ತು ಮಾತ್ರ.

"ಆಮೇಲೆ ಬಂದ ಪೆಟ್ಟಿಗೆಗಳು ಪಾಸಾದ್ವು. ಸಾರ್ ಸಹಿ ಹಾಕಿದ್ರು. ಆಗ ಇವರು ಹೊಸಬರು, ಈ ಕಾಗದ ನೋಡಿಲ್ಲ. ಕಾಗದದಲ್ಲಿ ಸೆಕೆಂಡು ಅಂತ ಇತ್ತಲ್ಲ, ಅದಕ್ಕೇ ನಾನೂ ಎಣಿಸಲಿಲ್ಲ." ಅವಳು ಮೂಗಿನ ಮೇಲಿಂದ ಕನ್ನಡಕ ತೆಗೆದಳು. "ಎಣಿಸಬೇಕಿತ್ತು."

"ಈಗ ಎಣಿಸಿದ್ರಲ್ಲ," ಎಂದ ಕೊಕ್ಕರೆ. "ಈ ಹಸಿರು ಸುತ್ತು ಯಾರದು?"

ಉತ್ತರಕ್ಕೆ ಮೊದಲು ಮೇಜಿನ ಫೋನ್ ಹೊಡೆದುಕೊಂಡಿತು. ಮೇಲ್ವಿಚಾರಕ ಎತ್ತಿ, ಕೇಳಿ, ಫೋನಿನ ಬಾಯಿಗೆ ಕೈ ಅಡ್ಡ ಹಿಡಿದು ಹೇಳಿದ. "ಗೇಟಿನಿಂದ. ವಿಚಾರಣಾ ಮಂಡಳಿಯ ಅಧ್ಯಕ್ಷರು ಬಂದಿದ್ದಾರಂತೆ. ಪೆಟ್ಟಿಗೆ ತಮ್ಮ ಸುಪರ್ದಿಗೆ ಬೇಕಂತೆ. ಈಗಲೇ."

"ಕೊಡಲೇಬೇಕಾ?"

"ಆಜ್ಞೆ ಇದ್ರೆ ಕೊಡಲೇಬೇಕು." ಮೇಲ್ವಿಚಾರಕ ಫೋನ್ ಕೆಳಗಿಟ್ಟ. ಗಡಿಯಾರ ನಾಲ್ಕೂವರೆ ತೋರಿಸುತ್ತಿತ್ತು. ಅವನು ನಾಲ್ಕನೇ ಪುಸ್ತಕವನ್ನು ಹತ್ತಿರಕ್ಕೆ ಎಳೆದುಕೊಂಡು, ಆ ಸಾಲನ್ನು ಇನ್ನೊಮ್ಮೆ ಓದಿ, ದಾಖಲೆಯ ಹೊಸ ಪುಟದ ಮೇಲೆ ಬರೆಯತೊಡಗಿದ. "ದೊಡ್ಡಮ್ಮ, ಪೂರ್ತಿ ಪರೀಕ್ಷೆ. ಮೊದಲ ಮೆಟ್ಟಿಲಿನಿಂದ. ನಾಲ್ಕನೇ ಪುಸ್ತಕದ ಪ್ರಕಾರ, ಒಂದೊಂದರ ಮೇಲೂ ಹತ್ತು ಸೆಕೆಂಡು."

"ಹದಿನಾರು ಗಂಟೆ ಮೇಲಾಗುತ್ತೆ ಸಾರ್."

"ನಾಳೆ ಒಂಬತ್ತೂಕಾಲಿಗೆ ಮುಗಿಯುತ್ತೆ. ಮಂಡಳಿ ಹತ್ತಕ್ಕೆ." ಅವನು ತಾನೇ ಹೋಗಿ ಕೆಂಪು ದೀಪದ ಸ್ವಿಚ್ಚು ಒತ್ತಿದ. "ಅಲ್ಲಿವರೆಗೆ ಬಾಗಿಲು ತೆಗೆಯೋ ಹಾಗಿಲ್ಲ. ನನಗೆ ನಿಯಮ ಮೀರಿ ಅಭ್ಯಾಸ ಇಲ್ಲ."

ಕೊಕ್ಕರೆ ಎದ್ದುನಿಂತ, ಆ ಗೊಣಗುವ ಮನುಷ್ಯನಿಗೆ ಗೌರವ ತೋರುವವನಂತೆ.

ಮೊಗಸಾಲೆಯಲ್ಲಿ ಹೆಜ್ಜೆಯ ಸದ್ದಾಯಿತು. ಅಧ್ಯಕ್ಷರು ವಯಸ್ಸಾದವರು, ಬಡಕಲು, ಮೆತ್ತಗಿನ ದನಿ. ಹಾಲಿನ ಹೊಸ್ತಿಲಿಗೆ ಬಂದು, ತಗಡಿನ ಕೋಣೆಯ ಬಾಗಿಲ ಮೇಲಿನ ಕೆಂಪು ದೀಪ ನೋಡಿ ನಿಂತರು. ಆಜ್ಞೆಯ ಕಾಗದ ಕೈಯಲ್ಲೇ ಉಳಿಯಿತು.

"ಪರೀಕ್ಷೆ ನಡೀತಿದೆ ಸಾರ್," ಎಂದ ಮೇಲ್ವಿಚಾರಕ. "ಪೆಟ್ಟಿಗೆ ಒಳಗಿದೆ. ನಾಳೆ ಬೆಳಿಗ್ಗೆ ಸಿಗುತ್ತೆ."

ಅವರು ರೇಗುತ್ತಾರೆಂದು ಎಲ್ಲರೂ ಕಾದರು. ರೇಗಲಿಲ್ಲ. ಸುತ್ತ ನೋಡಿ, ಬೆಂಚಿನ ಹತ್ತಿರ ಹೋಗಿ, ಚಾಲಕನಿಗೆ "ಸ್ವಲ್ಪ ಸರಿಯಪ್ಪ" ಎಂದು ಪಕ್ಕದಲ್ಲೇ ಕೂತರು. ಕೈಯಲ್ಲಿದ್ದ ಕಾಗದವನ್ನು ಎರಡು ಮಡಿಕೆ, ನಾಲ್ಕು ಮಡಿಕೆ ಮಾಡಿದರು.

"ನಾಳೆವರೆಗೆ," ಎಂದರು ನಿಧಾನಕ್ಕೆ, ತಮ್ಮಷ್ಟಕ್ಕೇ ಎಂಬಂತೆ. "ಹಾಗಾದ್ರೆ ಮೂರರ ಲೆಕ್ಕ ಬಿಟ್ಟಿದ್ದೀರಿ. ಎಂಟು ಸೆಕೆಂಡಿನ ವಿಷಯ ಗೊತ್ತಾಯ್ತು ಅನ್ನಿ."

ದೊಡ್ಡಮ್ಮ ಕುರ್ಚಿ ಸರಿಸಿ ಎದ್ದದ್ದು ಕೊಕ್ಕರೆಗೆ ಬೆನ್ನ ಹಿಂದೆ ಕೇಳಿಸಿತು. ಈ ಪೆಟ್ಟಿಗೆ ಇನ್ನೂ ಎಂಟಕ್ಕೇ ಕೇಳುತ್ತದೆಂಬ ಮಾತು ಆ ಕೋಣೆಯ ಹೊರಗೆ ಹೋಗಿರಲಿಲ್ಲ. ಪಿನ್ನು ಬಿಟ್ಟದ್ದನ್ನು ಕಣ್ಣಾರೆ ಕಂಡ ಚಾಲಕನಿಗೂ ಅದನ್ನು ಯಾರೂ ಹೇಳಿರಲಿಲ್ಲ.

ಅಧ್ಯಕ್ಷರ ಜೇಬಿನಲ್ಲಿ ಒಂದು ಪೆನ್ನಿತ್ತು. ಬಟ್ಟೆಯ ಅಂಚಿಗೆ ಹಸಿರು ಶಾಯಿ ಸ್ವಲ್ಪ ಇಳಿದಿತ್ತು.

ಕೊಕ್ಕರೆ ಭಾರವನ್ನು ಇನ್ನೊಂದು ಕಾಲಿಗೆ ಬದಲಿಸಿದ. ಮೀನು ತಾನಾಗಿಯೇ ಮೇಲೆ ಬಂದಿತ್ತು. ಹೆದರಿ ಬಂದಿತ್ತೋ, ಒಂಬತ್ತು ವರ್ಷದ ಭಾರ ಇಳಿಸಲು ಬಂದಿತ್ತೋ, ನೀರು ಇನ್ನೂ ಕಲಕಿತ್ತು.

"ಯಾರು ಹೇಳಿದ್ರು ಸಾರ್ ನಿಮಗೆ, ಎಂಟು ಅಂತ?" ಎಂದು ಅವನು ಕೇಳಿದ.

ಅಧ್ಯಕ್ಷರು ಮಡಿಚಿದ ಕಾಗದದಿಂದ ಕಣ್ಣೆತ್ತಿ ಅವನನ್ನಲ್ಲ, ತಾವು ಉತ್ತರ ಹೇಳಬೇಕಾದದ್ದು ಇವನಿಗೇ ಎಂಬಂತೆ, ಪಕ್ಕದಲ್ಲಿ ಕೂತ ಚಾಲಕನನ್ನು ನೋಡಿದರು.